ಮುರಿದ ಗೋಡೆಯೂ ಹೊಸ ಮನೆಯೂ

ನಮ್ಮ ಶಾಲೆಯ ಸ್ಮರಣ ಸಂಚಿಕೆಗೆ ಒಂದು ಲೇಖನವನ್ನು ಬರೆದುಕೊಡಬೇಕೆಂದು ಸಂಪಾದಿಕೆಯರು ಅಪೇಕ್ಷಿಸಿದ್ದಾರೆ. ನನ್ನ ಜೊತೆಯಲ್ಲಿ ಕಲಿತ ಸೋದರಿಯರು ಹಾಡು, ಹೊಲಿಗೆ, ಆಟಪಾಟಗಳು, ಉಪಾಧ್ಯಾಯಿನಿಯರ ವಾತ್ಸಲ್ಯ ಮುಂತಾದ ಮಧುರ ವಿಷಯಗಳನ್ನು ಕುರಿತು ನನಗಿಂತ ಸೊಗಸಾಗಿ ಬರೆಯಬಲ್ಲರು. ಆದುದರಿಂದ ನಾನು ನನ್ನ ಕಸಬಿಗೆ ಸಂಬಂಧಪಟ್ಟ ವಿಷಯವೊಂದನ್ನು ಆರಿಸಿಕೊಂಡಿದ್ದೇನೆ. ಮೂವತ್ತು ವರುಷಗಳಿಂದ ಕಾಂಕ್ರೀಟಿನ ಗಟ್ಟಿತನವನ್ನು ಪರೀಕ್ಷಿಸುವ ಪ್ರಯೋಗಶಾಲೆಯಲ್ಲಿ ಕೆಲಸಮಾಡಿದವಳು ನಾನು. ಮನೆಗಳನ್ನು ಕೆಡವಿದಾಗ ಉಳಿಯುವ ಚೂರು, ಕಾರ್ಖಾನೆಗಳು ಹೊರಚೆಲ್ಲುವ ಬೂದಿ, ಕಿಟ್ಟ ಇವುಗಳಿಂದ ಬಾಳಿಕೆಯುಳ್ಳ ಕಾಂಕ್ರೀಟನ್ನು ಮಾಡುವ ಬಗೆ ಹೇಗೆಂಬುದನ್ನು ಇಲ್ಲಿ ಹೇಳುವೆನು. ವಿಷಯವು ಶುಷ್ಕವೆಂದು ತೋರಬಹುದು. ಆದರೆ ಈ ಸಂಚಿಕೆಯನ್ನು ಓದುವ ಪೋಷಕರಲ್ಲಿ ಮನೆ ಕಟ್ಟದವರು, ಕಟ್ಟಿಸದವರು, ಕಟ್ಟಿಸಬೇಕೆಂದು ಆಶಿಸದವರು ಎಷ್ಟು ಮಂದಿ ಇರುವರು?

ಕಾಂಕ್ರೀಟು ಎಂದರೆ ಏನೆಂಬುದನ್ನು ಮೊದಲು ತಿಳಿಯುವುದು ಒಳ್ಳೆಯದು. ಜಲ್ಲಿ, ಮರಳು, ಸಿಮೆಂಟು, ನೀರು ಈ ನಾಲ್ಕರ ಕೂಟವೇ ಕಾಂಕ್ರೀಟು. ಜಲ್ಲಿಯು ಅದರ ಎಲುಬು. ಮರಳು ಎಲುಬಿನ ಎಡೆಗಳನ್ನು ತುಂಬುವುದು. ಸಿಮೆಂಟು ನೀರಿನೊಡನೆ ಕೂಡಿ ಎಲ್ಲವನ್ನೂ ಒಂದಾಗಿ ಹಿಡಿದುಕೊಳ್ಳುವುದು. ಜಲ್ಲಿಗಾಗಿ ಗುಡ್ಡಗಳನ್ನು ಸಿಡಿಸುತ್ತಾರೆ. ಮರಳಿಗಾಗಿ ಹೊಳೆಗಳ ಒಡಲನ್ನು ತೋಡುತ್ತಾರೆ. ಸಿಮೆಂಟಿನ ಕಥೆಯು ಇವೆರಡಕ್ಕಿಂತಲೂ ಗಂಭೀರವಾದುದು.

ಆ ಕಥೆಯು ನಮ್ಮ ಶಾಲೆಯ ವಿಜ್ಞಾನದ ಕೊಠಡಿಯಲ್ಲಿಯೇ ಆರಂಭವಾಗುವುದೆಂದರೆ ತಪ್ಪಾಗದು. ಸುಣ್ಣದ ತಿಳಿನೀರಿನೊಳಗೆ ಗಾಜಿನ ಕೊಳವೆಯಿಂದ ಉಸಿರನ್ನು ಊದಿಸಿ, ನೀರು ಹಾಲಿನಂತೆ ಬೆಳ್ಳಗಾಗುವುದನ್ನು ನಮ್ಮ ಉಪಾಧ್ಯಾಯಿನಿಯವರು ತೋರಿಸಿದುದು ಹಳೆಯ ವಿದ್ಯಾರ್ಥಿನಿಯರಿಗೆಲ್ಲ ನೆನಪಿರಬಹುದು. ನಮ್ಮ ಉಸಿರಿನಲ್ಲಿರುವ ಇಂಗಾಲಾಮ್ಲ ವಾಯುವು ಸುಣ್ಣದೊಡನೆ ಕೂಡಿ ಮತ್ತೆ ಸುಣ್ಣಕಲ್ಲಾಗುವುದರಿಂದಲೇ ಆ ಬಿಳುಪು ಉಂಟಾಗುವುದು. ಸಿಮೆಂಟಿನ ಕಾರ್ಖಾನೆಯಲ್ಲಿ ನಡೆಯುವುದು ಇದರ ವಿರುದ್ಧವಾದ ಕ್ರಿಯೆ. ಅಲ್ಲಿ ಸುಣ್ಣಕಲ್ಲನ್ನು ಜೇಡಿಯೊಡನೆ ಸೇರಿಸಿ ಸುಮಾರು 1450 ಡಿಗ್ರಿ ಸೆಂಟಿಗ್ರೇಡಿನ ಉರಿಯಲ್ಲಿ ಬೇಯಿಸುವಾಗ, ಕಲ್ಲಿನೊಳಗೆ ಯುಗಯುಗಗಳಿಂದ ಅಡಗಿದ್ದ ವಾಯುವು ಬಿಡುಗಡೆಯಾಗಿ ಆಕಾಶಕ್ಕೆ ಹೋಗುತ್ತದೆ. ಶುದ್ಧವಾದ ಸುಣ್ಣಕಲ್ಲು 100 ಸೇರು ಇದ್ದರೆ ಅದರಲ್ಲಿ 44 ಸೇರು ಹೀಗೆ ವಾಯುವಾಗಿ ಹೋಗಿ 56 ಸೇರು ಸುಣ್ಣವು ಉಳಿಯುವುದು. ಉರಿಗಾಗಿ ಸುಡುವ ಕಲ್ಲಿದ್ದಲಿನ ಹೊಗೆಯು ಇದಕ್ಕೆ ಹೊರತಾದುದು. ಒಲೆಯನ್ನು ಎಷ್ಟೇ ಸುಧಾರಿಸಿದರೂ ಕಲ್ಲಿನಿಂದಲೇ ಹೊರಡುವ ಈ ವಾಯುವನ್ನು ತಡೆಯಲಾಗದೆಂಬುದನ್ನು ಗಮನಿಸಬೇಕು. ಇಂದು ಲೋಕದಲ್ಲಿ ವರುಷಕ್ಕೆ ಸುಮಾರು 400 ಕೋಟಿ ಟನ್ನು ಸಿಮೆಂಟು ತಯಾರಾಗುತ್ತಿದೆ. ಮನುಷ್ಯರ ಕೆಲಸಗಳಿಂದ ಹೊರಬೀಳುವ ಇಂಗಾಲಾಮ್ಲ ವಾಯುವಿನಲ್ಲಿ 100ಕ್ಕೆ ಏಳೆಂಟು ಪಾಲು ಈ ಒಂದು ಪುಡಿಯಿಂದಲೇ ಬರುತ್ತದೆಂದು ತಜ್ಞರು ಲೆಕ್ಕ ಹಾಕಿದ್ದಾರೆ. ಭೂಮಿಯ ತಾಪವು ಹೆಚ್ಚುವುದಕ್ಕೆ ಈ ವಾಯುವೇ ಮುಖ್ಯ ಕಾರಣವೆಂಬುದು ಈಗ ಎಲ್ಲರೂ ಬಲ್ಲ ಸಂಗತಿ.

ಹಾಗಾದರೆ ಸಿಮೆಂಟಿಲ್ಲದೆ ಕಟ್ಟಲಾಗದೇ? ಸಿಮೆಂಟನ್ನು ಕಡಮೆ ಮಾಡಲಾಗದೇ? ನಮ್ಮ ಹಿರಿಯರು ಈ ಪ್ರಶ್ನೆಗೆ ತಮ್ಮ ಕೈಕೆಲಸದಿಂದಲೇ ಉತ್ತರವನ್ನಿತ್ತಿದ್ದಾರೆ. ಈಗ ನಾವು ಉಪಯೋಗಿಸುವ ಪೋರ್ಟ್‌ಲೆಂಡ್ ಸಿಮೆಂಟಿಗೆ ಇಂಗ್ಲೆಂಡಿನ ಜೋಸೆಫ್ ಆಸ್ಪ್ಡಿನ್ ಎಂಬಾತನು ಹಕ್ಕುಪತ್ರವನ್ನು ಪಡೆದುದು 1824ರಲ್ಲಿ. ಅದಕ್ಕಿಂತ ಬಹು ಪೂರ್ವದಲ್ಲಿಯೇ ರೋಮನರು ಪೊಝುವೋಲಿ ಎಂಬ ಊರಿನ ಬಳಿಯ ಜ್ವಾಲಾಮುಖಿಯ ಬೂದಿಯನ್ನು ಸುಣ್ಣದೊಡನೆ ಕಲಸಿ, ನೀರಿನಲ್ಲಿಯೂ ಗಟ್ಟಿಯಾಗುವ ಕಾಂಕ್ರೀಟನ್ನು ಮಾಡಿದರು. ರೋಮಿನ ಪ್ಯಾಂಥಿಯನ್ ಮಂದಿರದ 43 ಮೀಟರು ಅಗಲದ ಗುಮ್ಮಟವು ಅಂತಹ ಕಾಂಕ್ರೀಟಿನದು. ಅದು ಸುಮಾರು 1900 ವರುಷಗಳಿಂದ ನಿಂತಿದೆ. ಬೂದಿ ಸಿಕ್ಕದ ಕಡೆಗಳಲ್ಲಿ ಅವರು ಒಡೆದ ಹಂಚು, ಮಡಕೆಗಳನ್ನು ಪುಡಿಮಾಡಿ ಸುಣ್ಣಕ್ಕೆ ಬೆರಸುತ್ತಿದ್ದರು.

ನಮ್ಮ ನಾಡಿನಲ್ಲಿ ಇದಕ್ಕೆ ಸುರ್ಕಿ ಎಂದು ಹೆಸರು. ಇಟ್ಟಿಗೆ, ಹಂಚುಗಳನ್ನು ಅರೆದು ನುಣ್ಣಗೆ ಮಾಡಿದ ಕೆಂಪು ಪುಡಿಯೇ ಸುರ್ಕಿ. ಪೆರಿಯಾರು ನದಿಗೆ ಅಡ್ಡಲಾಗಿ ಕಟ್ಟಿ 1895ರಲ್ಲಿ ಮುಗಿಸಿದ ಅಣೆಕಟ್ಟು ಸುಣ್ಣ ಸುರ್ಕಿಗಳದು. ವಿಶ್ವೇಶ್ವರಯ್ಯನವರು ಮೈಸೂರಿನ ಮುಖ್ಯ ಇಂಜಿನಿಯರರಾಗಿದ್ದಾಗ 1911ರಲ್ಲಿ ತೊಡಗಿದ ಕೃಷ್ಣರಾಜಸಾಗರದ ಕಟ್ಟೆಯನ್ನೂ ಸುರ್ಕಿ ಗಾರೆಯಿಂದಲೇ ಕಟ್ಟಿದರು. ಆಗ ಸಿಮೆಂಟು ನಮ್ಮ ದೇಶದಲ್ಲಿ ದುರ್ಲಭವಾಗಿಯೂ ದುಬಾರಿಯಾಗಿಯೂ ಇತ್ತು. ಅಭಾವವು ಕಲಿಸಿದ ಪಾಠವಾದರೂ ಆ ಪಾಠವು ಸುಳ್ಳಾಗಲಿಲ್ಲ. ಬೃಂದಾವನಕ್ಕೆ ವಿಹಾರಹೋದ ನಮ್ಮ ಬಾಲಿಕೆಯರು ದೀಪಗಳನ್ನೂ ಕಾರಂಜಿಗಳನ್ನೂ ನೋಡಿ ಸಂತೋಷಪಡುವಾಗ, ಮೇಲೆ ಕಾವೇರಿಯನ್ನು ತಡೆದು ನಿಂತಿರುವ ಆ ಕಟ್ಟೆಯ ಕಲ್ಲುಗಳ ನಡುವೆ ಇಟ್ಟಿಗೆಯ ಪುಡಿಯಿದೆಯೆಂಬುದನ್ನೂ ಒಮ್ಮೆ ನೆನೆಯಲಿ.

ಇನ್ನು ಮಂಗಳೂರಿನ ಹಂಚನ್ನು ನಾನು ಹೇಳಬೇಕಾಗಿಲ್ಲ. ನೇತ್ರಾವತಿಯ ದಂಡೆಯ ಜೆಪ್ಪುವಿನಲ್ಲಿ 1865ರಲ್ಲಿ ಬಾಸೆಲ್ ಮಿಶನ್ನಿನವರು ಹಂಚಿನ ಕಾರ್ಖಾನೆಯನ್ನು ಸ್ಥಾಪಿಸಿದ ಮೇಲೆ ನಮ್ಮ ಕರಾವಳಿಯ ಮಾಡುಗಳೆಲ್ಲ ಕೆಂಪಾದವು. ಹೀಗಿರಲು ನಮ್ಮ ಹಳೆಯ ಮನೆಗಳನ್ನು ಕೆಡವುವಾಗ ಒಡೆದ ಹಂಚು ರಾಶಿರಾಶಿಯಾಗಿ ಬೀಳುವುದು ಸಹಜವೇ ಆಗಿದೆ. ಆ ರಾಶಿಯನ್ನು ಕಸವೆನ್ನುವ ನಾವು, ಸುರ್ಕಿಯನ್ನು ಅಮೂಲ್ಯವೆಂದೆಣಿಸಿದವರ ಮೊಮ್ಮಕ್ಕಳು.

ಸುರ್ಕಿಯ ಗುಣವು ಇಂದಿನ ಕಾರ್ಖಾನೆಗಳ ಬೂದಿಯಲ್ಲಿಯೂ ಇದೆ. ಕಲ್ಲಿದ್ದಲನ್ನು ಪುಡಿಮಾಡಿ ಉರಿಸಿ ವಿದ್ಯುತ್ತನ್ನು ಹುಟ್ಟಿಸುವ ಸ್ಥಾವರಗಳಲ್ಲಿ ಹೊಗೆಯೊಡನೆ ಹಾರುವ ಬೂದಿಯನ್ನು ಯಂತ್ರಗಳಿಂದ ಹಿಡಿಯುತ್ತಾರೆ; ಇದನ್ನೇ ಹಾರುಬೂದಿ ಎನ್ನುವರು. ನಮ್ಮ ದೇಶದ ಕಲ್ಲಿದ್ದಲಿನಲ್ಲಿ 100ಕ್ಕೆ 30 ಪಾಲಿಗಿಂತ ಹೆಚ್ಚು ಬೂದಿಯೇ ಇರುವುದುಂಟು. ರಾಯಚೂರಿನ ಬಳಿಯ ಶಕ್ತಿನಗರದಲ್ಲಿ 1985ರಲ್ಲಿ ಮೊದಲ ಘಟಕವು ನಡೆಯತೊಡಗಿದಂದಿನಿಂದ ಕರ್ನಾಟಕಕ್ಕೂ ಈ ಬೂದಿಯ ಪರಿಚಯವಾಯಿತು. ಸುಮ್ಮನೆ ಬಯಲಲ್ಲಿ ರಾಶಿ ಹಾಕಿದರೆ ಅದು ಗಾಳಿಗೆ ಹಾರಿ ಎದೆಯೊಳಗೆ ಸೇರುವುದು, ಮಳೆಗೆ ಕರಗಿ ಹೊಳೆಗೆ ಹರಿಯುವುದು. ಸಿಮೆಂಟಿನೊಳಗೆ ಬೆರೆತರೆ ಅದೇ ಬೂದಿ ಉಪಕಾರಿಯಾಗುವುದು. ಇದರ ಮರ್ಮವು ಹೀಗಿದೆ: ಸಿಮೆಂಟು ನೀರಿನೊಡನೆ ಕೂಡಿ ಗಟ್ಟಿಯಾಗುವಾಗ ಸ್ವಲ್ಪ ಸುಣ್ಣವನ್ನು ಹೊರಬಿಡುತ್ತದೆ. ಈ ಸುಣ್ಣದಿಂದ ಕಾಂಕ್ರೀಟಿಗೆ ಬಲವೇನೂ ಬಾರದು. ನೀರು ಸೋರಿದಲ್ಲಿ ಅದು ಬಿಳಿಯ ಕಲೆಯಾಗಿ ಹೊರಬರುವುದೂ ಉಂಟು. ಹಾರುಬೂದಿಯು ಆ ಸುಣ್ಣವನ್ನು ಹಿಡಿದು ಅದರೊಡನೆ ಕೂಡಿ ಹೊಸ ಅಂಟನ್ನು ಉಂಟುಮಾಡುವುದು. ಹೀಗೆ ಕಾಂಕ್ರೀಟಿನ ಸಣ್ಣ ರಂಧ್ರಗಳು ತುಂಬಿ ಅದು ದಟ್ಟವಾಗುವುದು. ಅಮೇರಿಕಾ ದೇಶದ ಮೊಂಟಾನಾ ಸಂಸ್ಥಾನದಲ್ಲಿ 1948ರಿಂದ 1953ರವರೆಗೆ ಕಟ್ಟಿದ ಹಂಗ್ರಿ ಹಾರ್ಸ್ ಅಣೆಕಟ್ಟು ಹಾರುಬೂದಿಯನ್ನು ಬಹು ಪ್ರಮಾಣದಲ್ಲಿ ಬಳಸಿದ ಮೊದಲ ದೊಡ್ಡ ಕಟ್ಟಡಗಳಲ್ಲೊಂದು. ನಮ್ಮ ದೇಶದಲ್ಲಿ ಪೋರ್ಟ್‌ಲೆಂಡ್ ಪೊಝೊಲಾನಾ ಸಿಮೆಂಟು ಎಂಬ ಹೆಸರಿನಿಂದ ಮಾರುವ ಹಾರುಬೂದಿಯ ಸಿಮೆಂಟಿನಲ್ಲಿ 100ಕ್ಕೆ 15ರಿಂದ 35 ಪಾಲಿನವರೆಗೆ ಈ ಬೂದಿಯಿರಬಹುದೆಂದು ನಿಯಮವಿದೆ.

ಕಬ್ಬಿಣದ ಕಿಟ್ಟವು ಇದಕ್ಕಿಂತಲೂ ಚುರುಕಾದ ವಸ್ತು. ಊದುಕುಲುಮೆಯಲ್ಲಿ ಅದಿರನ್ನು ಕರಗಿಸಿ ಒಂದು ಟನ್ನು ಕಬ್ಬಿಣವನ್ನು ತೆಗೆಯುವಾಗ ಸುಮಾರು 300ರಿಂದ 400 ಕಿಲೋಗ್ರಾಂ ಕಿಟ್ಟವು ಮೇಲೆ ತೇಲುವುದು. ಅದನ್ನು ಮೆಲ್ಲಗೆ ಆರಲು ಬಿಟ್ಟರೆ ಬರಿಯ ಕಲ್ಲಾಗುವುದು. ಕೆಂಪಗೆ ಕಾದಿರುವಾಗಲೇ ನೀರೆರಚಿ ತಟ್ಟನೆ ತಣಿಸಿದರೆ ಗಾಜಿನಂತಹ ಹರಳಾಗುವುದು. ಈ ಹರಳನ್ನು ಅರೆದು ಸುಣ್ಣವನ್ನು ಸೋಕಿಸಿದರೆ ಅದು ಸಿಮೆಂಟಿನಂತೆ ಗಟ್ಟಿಯಾಗುವುದೆಂದು ಜರ್ಮನಿಯ ಎಮಿಲ್ ಲಾಂಗೆನ್ ಎಂಬವನು 1862ರಲ್ಲಿ ಕಂಡುಹಿಡಿದನು. ಕಿಟ್ಟದ ಸಿಮೆಂಟಿನಲ್ಲಿ 100ಕ್ಕೆ 25ರಿಂದ 70 ಪಾಲಿನವರೆಗೆ ಕಿಟ್ಟವನ್ನು ಸೇರಿಸಬಹುದು. ಅಷ್ಟು ಪಾಲಿನ ಮಟ್ಟಿಗೆ ಸುಣ್ಣಕಲ್ಲನ್ನು ಸುಡುವ ಕೆಲಸ ತಪ್ಪಿದಂತಾಯಿತು. ಬಳ್ಳಾರಿಯ ಸೀಮೆಯ ತೋರಣಗಲ್ಲಿನಲ್ಲಿ ಉಕ್ಕು ಮಾಡುವ ಕುಲುಮೆಗಳಿರುವುದರಿಂದ ಕಿಟ್ಟಕ್ಕಾಗಿ ನಮ್ಮ ನಾಡಿನವರು ದೂರ ಹೋಗಬೇಕಾಗಿಲ್ಲ. ಉಪ್ಪುಗಾಳಿಯು ಬೀಸುವ ಕರಾವಳಿಗೆ ಕಿಟ್ಟದ ಸಿಮೆಂಟು ವಿಶೇಷವಾಗಿ ಹಿತವಾದುದು, ಏಕೆಂದರೆ ಅದರಿಂದ ಮಾಡಿದ ಕಾಂಕ್ರೀಟಿನೊಳಗೆ ಉಪ್ಪು ಬೇಗನೆ ಇಳಿದು ಕಂಬಿಯನ್ನು ತಿನ್ನಲಾರದು.

ಈ ವರೆಗೆ ಹೇಳಿದುದು ಸಿಮೆಂಟಿನ ಮಾತು. ಇನ್ನು ಒಡೆದ ಕಟ್ಟಡಗಳ ಮಾತಿಗೆ ಬರುವೆನು. ಇದರಲ್ಲಿ ಲೋಕಕ್ಕೆ ದೊಡ್ಡ ಪಾಠವನ್ನು ಕಲಿಸಿದುದು ಒಂದು ಮಹಾದುಃಖ. ಎರಡನೆಯ ಮಹಾಯುದ್ಧವು 1945ರಲ್ಲಿ ಮುಗಿದಾಗ ಜರ್ಮನಿಯ ಪಟ್ಟಣಗಳಲ್ಲಿ ಸುಮಾರು 40 ಕೋಟಿ ಘನ ಮೀಟರು ಅವಶೇಷವು ಬಿದ್ದಿತ್ತೆಂದು ಲೆಕ್ಕವಿದೆ. ಗಂಡಸರಲ್ಲಿ ಅನೇಕರು ಮಡಿದಿದ್ದರು, ಅನೇಕರು ಸೆರೆಯಲ್ಲಿದ್ದರು. ಬರ್ಲಿನ್ ಮುಂತಾದ ನಗರಗಳಲ್ಲಿ ಸ್ತ್ರೀಯರು ಸಾಲಾಗಿ ನಿಂತು ಬಕೆಟ್ಟುಗಳನ್ನು ಕೈಯಿಂದ ಕೈಗೆ ದಾಟಿಸಿದರು. ಇಟ್ಟಿಗೆಗಳಿಗೆ ಅಂಟಿದ್ದ ಗಾರೆಯನ್ನು ಸುತ್ತಿಗೆಯಿಂದ ಕೆರೆದು, ಒಳ್ಳೆಯವನ್ನು ಬೇರೆಯಾಗಿ ಜೋಡಿಸಿದರು. ಇಡಿಯಾದ ಇಟ್ಟಿಗೆಗಳು ಮತ್ತೆ ಗೋಡೆಗಳಾದವು. ಚೂರುಗಳನ್ನು ಜಲ್ಲಿಯಾಗಿ ಒಡೆದು ಕಾಂಕ್ರೀಟು ಮಾಡಿದರು. ಇಟ್ಟಿಗೆಚೂರಿನ ಕಾಂಕ್ರೀಟಿಗೆಂದೇ ಆ ದೇಶದವರು 1951ರಲ್ಲಿ ಪ್ರತ್ಯೇಕವಾದ ನಿಯಮಾವಳಿಯನ್ನು ಹೊರಡಿಸಿದರು. ಉಪಯೋಗಕ್ಕೆ ಬಾರದುದನ್ನು ರಾಶಿ ಹಾಕಿದುದರಿಂದ ಬರ್ಲಿನಿನಲ್ಲಿ ಗುಡ್ಡಗಳೇ ಎದ್ದಿವೆ. ಯುದ್ಧವಿಲ್ಲದ ನಾಡಿನಲ್ಲಿ ನಾವು ನಮ್ಮ ಮನೆಗಳನ್ನು ಸ್ವಂತ ಇಚ್ಛೆಯಿಂದಲೇ ಕೆಡವುತ್ತೇವೆ. ಚೂರುಗಳನ್ನು ವಿಂಗಡಿಸುವ ತಾಳ್ಮೆಯಾದರೂ ನಮಗೆ ಬೇಡವೇ?

ಈ ಪ್ರಶ್ನೆಯು ನಮ್ಮ ಸ್ವಂತ ಮನೆಯ ಅಂಗಳಕ್ಕೇ ಬಂದುದನ್ನು ಇಲ್ಲಿ ಹೇಳುವುದು ಅಪ್ರಸ್ತುತವಾಗದು. ಕೆಲವು ವರುಷಗಳ ಹಿಂದೆ ನಮ್ಮ ಅಣ್ಣನು ತಾಯಿಯವರ ಒಪ್ಪಿಗೆಯನ್ನು ಪಡೆದು, ಜೀರ್ಣವಾಗಿದ್ದ ಹಿರಿಯರ ಮನೆಯನ್ನು ತೆಗೆದು ಹೊಸದನ್ನು ಕಟ್ಟಿಸಲು ನಿಶ್ಚಯಿಸಿದನು. ಮುಂಭಾಗವು ಮುರಕಲ್ಲಿನ ಗೋಡೆ, ಸುಣ್ಣದ ಗಾರೆ, ಹಂಚಿನ ಮಾಡು. ಹಿಂಭಾಗದ ಅಡುಗೆಮನೆಯ ಮೇಲೆ ನಮ್ಮ ತಂದೆಯವರು ಮುಂದೆ ಹಾಕಿಸಿದ ಕಾಂಕ್ರೀಟಿನ ತಾರಸಿ. ಕೆಡವಲು ಬಂದ ಗುತ್ತಿಗೆದಾರನು ಎರಡು ದರಗಳನ್ನು ಹೇಳಿದನು. ಚೂರುಗಳನ್ನು ದೂರಕ್ಕೆ ಸಾಗಿಸಬೇಕಾದರೆ ಒಂದು ದರ. ಎಲ್ಲಿ ಹಾಕುವನೆಂದು ನಾವು ಕೇಳದಿದ್ದರೆ ಅದಕ್ಕಿಂತ ಬಹಳ ಕಡಮೆಯಾದ ಇನ್ನೊಂದು ದರ. ಎರಡನೆಯ ದರದ ಅರ್ಥವು ನಮಗೆ ತಿಳಿದೇ ಇತ್ತು. ಅದಕ್ಕೆ ಎರಡು ವರುಷಗಳ ಹಿಂದೆ ಯಾರೋ ಒಬ್ಬರ ಮನೆಯ ಅವಶೇಷವನ್ನು ರಾತ್ರಿಯ ಹೊತ್ತಿನಲ್ಲಿ ನಮ್ಮ ಕೆಳಗಣ ತೋಡಿಗೆ ಸುರಿದಿದ್ದರು. ಆಷಾಢದ ಮಳೆಗೆ ತೋಡಿನ ನೀರು ದಾರಿ ಕಾಣದೆ ಗದ್ದೆಗೆ ನುಗ್ಗಿ, ಅಲ್ಲಿ ಒಬ್ಬಳೇ ಬೇಸಾಯ ನಡೆಸುತ್ತಿದ್ದ ವೃದ್ಧೆಯ ನೇಜಿಯೆಲ್ಲ ಮೂರು ದಿನ ನೀರಿನಡಿಯಲ್ಲಿ ನಿಂತು ಕೊಳೆತುಹೋಯಿತು. ಆಕೆಯು ಯಾರ ಮೇಲೆ ದೂರು ಕೊಡಬೇಕು? ಚೂರುಗಳ ಮೇಲೆ ಮನೆಯವರ ಹೆಸರು ಬರೆದಿರುವುದಿಲ್ಲವಷ್ಟೆ.

ಅಣ್ಣನು ಲೆಕ್ಕದ ಪುಸ್ತಕವನ್ನು ನನ್ನ ಮುಂದಿಟ್ಟು, “ತಂಗೀ, ಸಾಲ ಮಾಡಿ ಕಟ್ಟುವ ಮನೆ ಇದು. ನಿನ್ನ ಶಾಸ್ತ್ರಕ್ಕೆ ನಾನು ಎಲ್ಲಿಂದ ಹಣ ತರಲಿ?” ಎಂದನು. ಅವನ ಮಾತಿನಲ್ಲಿ ಅನ್ಯಾಯವೇನೂ ಇರಲಿಲ್ಲ. ಆಗ ತಾಯಿಯವರು, “ನಮ್ಮ ಮನೆಯ ಮಣ್ಣು ಇನ್ನೊಬ್ಬರ ಅನ್ನದ ಮೇಲೆ ಬೀಳುವುದು ಬೇಡ” ಎಂದಷ್ಟೇ ಹೇಳಿ ಒಳಗೆ ಹೋದರು. ಸಾಗಣೆಗೆ ಕೊಡಬೇಕಾದ ಹಣವನ್ನು ವಿಂಗಡಿಸುವ ಕೂಲಿಗೆ ಕೊಡುವುದೆಂದೂ, ಕೆಲಸಕ್ಕೆ ಬರುವುದನ್ನು ಅಲ್ಲಿಯೇ ಬಳಸುವುದೆಂದೂ, ಎಲ್ಲೆಲ್ಲಿ ಬಳಸಬಹುದೆಂಬುದನ್ನು ಪರೀಕ್ಷಿಸಿ ಹೇಳುವ ಹೊಣೆ ನನ್ನದೆಂದೂ ತೀರ್ಮಾನವಾಯಿತು.

ನಾವು ಅಂಗಳದಲ್ಲಿ ರಾಶಿಗಳನ್ನು ಬೇರೆಬೇರೆಯಾಗಿ ಹಾಕಿಸಿದೆವು. ಮರ, ಕಬ್ಬಿಣ ಮುಂತಾದುವು ಒಂದು ಕಡೆ. ಮುರಕಲ್ಲು ಒಂದು ಕಡೆ. ಹಂಚು ಒಂದು ಕಡೆ. ತಾರಸಿಯ ಕಾಂಕ್ರೀಟು ಒಂದು ಕಡೆ. ಗಾರೆಯ ಪುಡಿಯೂ ಮಣ್ಣೂ ಮತ್ತೊಂದು ಕಡೆ. ಕಟ್ಟಡಗಳ ಅವಶೇಷವನ್ನು ಕುರಿತು ಕೇಂದ್ರ ಸರಕಾರವು 2016ರಲ್ಲಿ ಹೊರಡಿಸಿದ ನಿಯಮಗಳು ದೊಡ್ಡ ಪ್ರಮಾಣದಲ್ಲಿ ಕೆಡವುವವರು ಕಾಂಕ್ರೀಟು, ಮಣ್ಣು, ಉಕ್ಕು-ಮರ-ಪ್ಲಾಸ್ಟಿಕ್ಕು, ಇಟ್ಟಿಗೆ-ಗಾರೆ ಎಂದು ನಾಲ್ಕು ಬಗೆಯಾಗಿ ವಿಂಗಡಿಸಬೇಕೆಂದು ವಿಧಿಸಿದ್ದವು. ನಮ್ಮದು ಚಿಕ್ಕ ಮನೆಯಾದರೂ ಆ ಕ್ರಮವು ಯುಕ್ತವೆಂದು ತೋರಿತು. ಬೆರೆತಿರುವಾಗ ಈ ವಸ್ತುಗಳಲ್ಲಿ ಒಂದಾದರೂ ಕೆಲಸಕ್ಕೆ ಬಾರದು. ಬೇರೆಯಾದ ಕೂಡಲೆ ಪ್ರತಿಯೊಂದಕ್ಕೂ ಒಂದು ಉಪಯೋಗವು ಕಾಣುವುದು. ಇದನ್ನು ಕಣ್ಣಾರೆ ಕಂಡ ದಿನ ನನಗಾದ ಸಂತೋಷವು, ಪ್ರಯೋಗಶಾಲೆಯಲ್ಲಿ ಕಳೆದ ಹಲವು ವರುಷಗಳಲ್ಲಿಯೂ ಆಗಿರಲಿಲ್ಲ.

ಇಡಿಯಾಗಿ ಬಂದ ಮುರಕಲ್ಲುಗಳನ್ನು ಕೆತ್ತಿ ಆವರಣದ ಗೋಡೆಗೆ ಇಟ್ಟೆವು. ಒಡೆದ ಮುರಕಲ್ಲು ಮೆದುವಾದುದರಿಂದ ಅದನ್ನು ಕಾಂಕ್ರೀಟಿಗೆ ಸೇರಿಸದೆ ನೆಲದಡಿಗೆ ತುಂಬಿಸಿ ಗುದ್ದಿಸಿದೆವು. ಒಳ್ಳೆಯ ಹಂಚುಗಳು ಕೊಟ್ಟಿಗೆಯ ಮಾಡಿಗೆ ಹೋದವು. ಚೂರಾದ ಹಂಚನ್ನು ಅರೆಯಿಸಿ, ಜರಡಿ ಹಿಡಿದು, ಸುಣ್ಣದೊಡನೆ ಕಲಸಿ ಬಾವಿಯ ಸುತ್ತಣ ಜಗಲಿಗೆ ಸುರ್ಕಿ ಗಾರೆಯನ್ನು ಹಾಕಿಸಿದೆವು. ಉಳಿದುದು ತಾರಸಿಯ ಕಾಂಕ್ರೀಟು. ಅದರೊಳಗಣ ಕಂಬಿಗಳನ್ನು ತೆಗೆದು, ಇಬ್ಬರು ಹೆಂಗಸರು ಸುತ್ತಿಗೆಯಿಂದ ಒಡೆದು ಜಲ್ಲಿಯಾಗಿ ಮಾಡಿದರು.

ಇಲ್ಲಿ ನಮ್ಮ ಮೇಸ್ತ್ರಿಯು ತಡೆದನು. ಅವನು ಅನುಭವಶಾಲಿ, ಅವನ ಸಂಶಯವು ಹಗುರವಾದುದಲ್ಲ. “ಅಮ್ಮಾ, ಒಮ್ಮೆ ಸತ್ತ ಕಾಂಕ್ರೀಟಿಗೆ ಮತ್ತೆ ಜೀವ ಬರುತ್ತದೆಯೇ? ನಾಳೆ ಬಿರುಕು ಬಿಟ್ಟರೆ ಊರಿನವರು ನನ್ನನ್ನು ಕೇಳುತ್ತಾರೆ, ನಿಮ್ಮ ಪುಸ್ತಕವನ್ನಲ್ಲ” ಎಂದನು. “ಮೇಸ್ತ್ರಿಗಳೇ, ಪುಸ್ತಕವನ್ನು ನಂಬಬೇಡಿ, ಯಂತ್ರವನ್ನು ನಂಬಿ” ಎಂದು ನಾನು ಹೇಳಿ, ಅವನ ಕೈಯಿಂದಲೇ 15 ಸೆಂಟಿಮೀಟರಿನ ಘನಾಕೃತಿಗಳನ್ನು ಎರಕ ಹೊಯ್ಯಿಸಿದೆನು. ಕೆಲವು ಬರಿಯ ಹೊಸ ಜಲ್ಲಿಯವು. ಕೆಲವು ನಾಲ್ಕರಲ್ಲಿ ಒಂದು ಪಾಲು ಹಳೆಯ ಜಲ್ಲಿಯವು. ಕೆಲವು ಪೂರ್ತಿ ಹಳೆಯ ಜಲ್ಲಿಯವು. ಕಡೆಯ ಬಗೆಯಲ್ಲಿ ಅರ್ಧವನ್ನು ಜಲ್ಲಿಗೆ ಮುಂಚಿತವಾಗಿ ನೀರು ಕುಡಿಸಿಯೂ, ಅರ್ಧವನ್ನು ಒಣ ಜಲ್ಲಿಯಿಂದಲೂ ಮಾಡಿಸಿದೆನು. 28 ದಿನ ನೀರಿನಲ್ಲಿಟ್ಟು, ಅವನ ಮುಂದೆಯೇ ಯಂತ್ರದಲ್ಲಿ ಒತ್ತಿ ಒಡೆದೆವು. ಕಾಲು ಪಾಲು ಹಳೆಯ ಜಲ್ಲಿಯುಳ್ಳವು ಹೊಸ ಜಲ್ಲಿಯವುಗಳಿಗಿಂತ ಸ್ವಲ್ಪವೇ ಕಡಮೆ ಭಾರವನ್ನು ತಾಳಿದವು. ನೆಲಕ್ಕೆ ಬೇಕಾದ ಬಲವು ಅವುಗಳಲ್ಲಿ ಧಾರಾಳವಾಗಿತ್ತು. ಒಣ ಜಲ್ಲಿಯವು ಮಾತ್ರ ಬೇಗನೆ ಪುಡಿಯಾದವು. ಅವುಗಳ ಒಳಗೆ ಜೇನುಗೂಡಿನಂತಹ ಎಡೆಗಳಿದ್ದುದನ್ನು ಮೇಸ್ತ್ರಿಯು ಬೆರಳಿಟ್ಟು ನೋಡಿದನು.

ಅದಕ್ಕೆ ಕಾರಣವನ್ನು ಹೇಳುವೆನು. ಹಳೆಯ ಕಾಂಕ್ರೀಟಿನಿಂದ ಒಡೆದ ಜಲ್ಲಿಯ ಮೈಗೆ ಹಳೆಯ ಗಾರೆಯು ಅಂಟಿಕೊಂಡೇ ಇರುತ್ತದೆ. ಆ ಗಾರೆಯು ರಂಧ್ರಮಯವಾದುದರಿಂದ ಕರಿಕಲ್ಲಿನ ಜಲ್ಲಿಗಿಂತ ಹಲವು ಪಟ್ಟು ಹೆಚ್ಚು ನೀರನ್ನು ಹೀರುವುದು. ಒಣಗಿದ್ದುದನ್ನೇ ಕಲಸಿದರೆ ಅದು ಸಿಮೆಂಟಿನ ಪಾಲಿನ ನೀರನ್ನು ಕುಡಿದು ಮಿಶ್ರಣವನ್ನು ಬಿಗಿಯಾಗಿಸುವುದು. ಆಗ ಅದು ಅಚ್ಚಿನ ಮೂಲೆಗಳಿಗೆ ಇಳಿಯದು. ಸುಲಭವಾಗಲೆಂದು ಮೇಲೆ ನೀರು ಹೊಯ್ದರೆ ಬಲವು ಕುಂದುವುದು. ಮೊದಲೇ ನೆನೆಯಿಸಿ, ಮೈಯ ನೀರು ಆರಿದ ಮೇಲೆ ಉಪಯೋಗಿಸಿದರೆ ಈ ತೊಂದರೆಯು ಬಹು ಮಟ್ಟಿಗೆ ನಿವಾರಣೆಯಾಗುವುದು. “ಹಾಗಾದರೆ ಬಾಯಾರಿದವನನ್ನು ಕೆಲಸಕ್ಕೆ ಹಚ್ಚಬಾರದು, ಅಷ್ಟೇ ತಾನೆ?” ಎಂದು ಮೇಸ್ತ್ರಿಯು ನಕ್ಕನು. ಮರುದಿನದಿಂದ ಜಲ್ಲಿಗೆ ನೀರು ಹಾಕಿಸುವ ಕೆಲಸವನ್ನು ತಾನೇ ವಹಿಸಿಕೊಂಡನು.

ಆದರೂ ಹಳೆಯ ಜಲ್ಲಿಯನ್ನು ಎಲ್ಲೆಡೆಯಲ್ಲಿಯೂ ಬಳಸಲಿಲ್ಲವೆಂಬುದನ್ನು ಸ್ಪಷ್ಟವಾಗಿ ಹೇಳಬೇಕು. 2016ರಲ್ಲಿ ಪರಿಷ್ಕರಿಸಿದ ಭಾರತೀಯ ಮಾನಕವು ಕಾಂಕ್ರೀಟನ್ನು ಒಡೆದು ಮಾಡಿದ ಜಲ್ಲಿಗೆ ಅನುಮತಿಯನ್ನಿತ್ತು, ಅದಕ್ಕೆ ಮೇರೆಗಳನ್ನೂ ಹಾಕಿದೆ. ತಳಕ್ಕೆ ಹಾಸುವ ಬಡ ಕಾಂಕ್ರೀಟಿಗೆ ಪೂರ್ತಿಯಾಗಿ, ಕಂಬಿಯಿಲ್ಲದ ಕಾಂಕ್ರೀಟಿಗೆ 100ಕ್ಕೆ 25 ಪಾಲು, ಕಂಬಿಯುಳ್ಳ ಸಾಮಾನ್ಯ ಬಲದ ಕಾಂಕ್ರೀಟಿಗೆ 20 ಪಾಲು, ಅಷ್ಟಕ್ಕೇ ಮಿತಿ. ನಾವು ಅಡಿಪಾಯದ ಹಾಸಿಗೆಗೂ ಅಂಗಳಕ್ಕೂ ನೆಲಕ್ಕೂ ಮಾತ್ರ ಅದನ್ನು ಬಳಸಿದೆವು. ಸಮುದ್ರದ ಹತ್ತಿರದ ಹಳೆಯ ಕಾಂಕ್ರೀಟಿನಲ್ಲಿ ಉಪ್ಪು ಸೇರಿರುವ ಸಂಭವವಿರುವುದರಿಂದ ಕಂಬ, ತೊಲೆ, ತಾರಸಿಗಳಿಗೆ ಹೊಸ ಜಲ್ಲಿಯನ್ನೂ ಕಿಟ್ಟದ ಸಿಮೆಂಟನ್ನೂ ತರಿಸಿದೆವು. ಮಕ್ಕಳು ಕೆಳಗೆ ಮಲಗುವ ತಾರಸಿಯ ವಿಷಯದಲ್ಲಿ ಮಿತವ್ಯಯದ ಉತ್ಸಾಹವು ಪರೀಕ್ಷೆಯನ್ನು ಮೀರಬಾರದು.

ಲಾಭನಷ್ಟಗಳನ್ನೂ ಮುಚ್ಚಿಡುವುದಿಲ್ಲ. ವಿಂಗಡಿಸುವುದಕ್ಕೂ ಒಡೆಯುವುದಕ್ಕೂ ಕೊಟ್ಟ ಕೂಲಿಯು, ಸಾಗಣೆಯಲ್ಲಿಯೂ ಜಲ್ಲಿಯ ಬೆಲೆಯಲ್ಲಿಯೂ ಉಳಿದ ಹಣಕ್ಕೆ ಹೆಚ್ಚುಕಡಮೆ ಸರಿಹೋಯಿತು. ಕೆಲಸವು ಮೂರು ವಾರ ತಡವಾಯಿತು. ಇದರಿಂದ ಶ್ರೀಮಂತರಾಗುವೆವೆಂದು ಯಾರಿಗೂ ನಾನು ಆಶೆ ತೋರಿಸಲಾರೆ. ಆದರೆ ಲಾರಿಯ ಎಣ್ಣೆಗೆ ಹೋಗಬೇಕಾದ ಹಣವು ನೆರೆಯ ಇಬ್ಬರು ಹೆಂಗಸರ ಮನೆಗೆ ಅಕ್ಕಿಯಾಗಿ ಹೋಯಿತು. ಆ ಮಳೆಗಾಲದಲ್ಲಿ ಕೆಳಗಣ ತೋಡು ತನ್ನ ದಾರಿಯಲ್ಲಿಯೇ ಹರಿಯಿತು.

ಇನ್ನೊಂದು ಮಾತನ್ನು ನಮ್ಮ ಬಾಲಿಕೆಯರಿಗಾಗಿ ವಿಶೇಷವಾಗಿ ಹೇಳುವೆನು. ಈ ವಿದ್ಯೆಯು ಗಂಡಸರದೇ ಎಂದು ಭಾವಿಸಬೇಡಿರಿ. ಹಾರುಬೂದಿ, ಸುಣ್ಣ, ಜಿಪ್ಸಂಗಳನ್ನು ಕೂಡಿಸಿ, ಗೂಡಿನಲ್ಲಿ ಸುಡದೆಯೇ ಗಟ್ಟಿಯಾದ ಇಟ್ಟಿಗೆಗಳನ್ನು ಮಾಡುವ ಕ್ರಮವನ್ನು ವಿಶಾಖಪಟ್ಟಣದಲ್ಲಿ ರೂಪಿಸಿದವರಲ್ಲಿ ಡಾಕ್ಟರ್ ಭಾನುಮತಿದಾಸ್ ಎಂಬ ಮಹಿಳೆಯೊಬ್ಬರು. ಸ್ವಿಟ್ಜರ್ಲೆಂಡಿನ ಲೋಸಾನ್ ಪಟ್ಟಣದ ವಿದ್ಯಾಸಂಸ್ಥೆಯಲ್ಲಿ ಕೆರೆನ್ ಸ್ಕ್ರಿವೆನರ್ ಎಂಬ ವಿದುಷಿಯು ಕ್ಯೂಬಾ ಮತ್ತು ನಮ್ಮ ದೇಶದ ಪಂಡಿತರೊಡಗೂಡಿ ಹೊಸದೊಂದು ಸಿಮೆಂಟನ್ನು ಸಿದ್ಧಪಡಿಸಿದ್ದಾರೆ. ಇದರಲ್ಲಿ ಸುಟ್ಟ ಸುಣ್ಣಕಲ್ಲಿನ ಗಟ್ಟಿಯು ಅರ್ಧ ಮಾತ್ರ. 30 ಪಾಲು ಹದವಾಗಿ ಸುಟ್ಟ ಜೇಡಿ. 15 ಪಾಲು ಸುಡದ ಸುಣ್ಣಕಲ್ಲು. 5 ಪಾಲು ಜಿಪ್ಸಂ. ಗಣಿಗಳಲ್ಲಿ ಕೀಳೆಂದು ಬದಿಗೆ ಎಸೆದಿರುವ ಜೇಡಿಯೂ ಸುಣ್ಣಕಲ್ಲೂ ಇದಕ್ಕೆ ಸಾಕಾಗುವುವು. ಸಾಧಾರಣ ಸಿಮೆಂಟಿಗಿಂತ 100ಕ್ಕೆ 40 ಪಾಲಿನವರೆಗೆ ಇಂಗಾಲಾಮ್ಲ ವಾಯುವು ಇದರಿಂದ ಕಡಮೆಯಾಗುವುದು. ಭಾರತೀಯ ಮಾನಕ ಸಂಸ್ಥೆಯು 2023ರಲ್ಲಿ ಇದಕ್ಕೆ ನಿಯಮಾವಳಿಯನ್ನು ಹೊರಡಿಸಿತು. ಸುಟ್ಟ ಜೇಡಿಯ ಪುಡಿ ಎಂದರೆ ಏನು? ನಮ್ಮ ಅಜ್ಜಂದಿರ ಸುರ್ಕಿಯ ಹತ್ತಿರದ ಬಂಧುವೇ ಅಲ್ಲವೇ? ಅವರು ಕೈಯ ಹದದಿಂದ ತಿಳಿದುದರ ಕಾರಣವನ್ನು ಈ ವಿದುಷಿಯರು ಸೂಕ್ಷ್ಮದರ್ಶಕದಿಂದ ಕಂಡು, ಅಳತೆಯನ್ನು ಗೊತ್ತುಮಾಡಿದ್ದಾರೆ.

ಪೋಷಕರಿಗೆ ಕೆಲವು ವಿಜ್ಞಾಪನೆಗಳನ್ನು ಮಾಡಿ ಈ ಲೇಖನವನ್ನು ಮುಗಿಸುವೆನು. ಮನೆಯನ್ನು ಕೆಡವಿಸುವ ಮೊದಲು, ಅದರ ಚೂರುಗಳು ಎಲ್ಲಿಗೆ ಹೋಗುವುವೆಂದು ಗುತ್ತಿಗೆದಾರನನ್ನು ಕೇಳಿರಿ. ಉತ್ತರವನ್ನು ಬರಹದಲ್ಲಿ ಪಡೆಯಿರಿ. ಕಲ್ನಾರಿನ ಶೀಟುಗಳಿದ್ದರೆ ಅವುಗಳನ್ನು ಒಡೆಯಬೇಡಿರಿ, ಯಾವ ರಾಶಿಗೂ ಸೇರಿಸಬೇಡಿರಿ, ಅದರ ಧೂಳು ಶ್ವಾಸಕೋಶಕ್ಕೆ ಮಾರಕವಾದುದು. ಸಿಮೆಂಟಿನ ಚೀಲವನ್ನು ಕೊಳ್ಳುವಾಗ ಅದರ ಮೇಲಣ ಬರಹವನ್ನು ಓದಿ, ಬೂದಿಯದೋ ಕಿಟ್ಟದೋ ಎಂದು ತಿಳಿದುಕೊಳ್ಳಿರಿ. ಬೂದಿ ಸೇರಿದೆಯೆಂದು ಅದನ್ನು ಕಲಬೆರಕೆಯೆಂದೆಣಿಸಬೇಡಿರಿ. ಆದರೆ ಇಂತಹ ಸಿಮೆಂಟು ಮೆಲ್ಲಮೆಲ್ಲನೆ ಬಲಿಯುವುದರಿಂದ ಅದಕ್ಕೆ ಹೆಚ್ಚು ದಿನ ನೀರುಣಿಸಬೇಕು. ಬರಿಯ ಪೋರ್ಟ್‌ಲೆಂಡ್ ಸಿಮೆಂಟಿಗೆ ಕನಿಷ್ಠ 7 ದಿನ ಸಾಕೆನ್ನುವ ಮಾನಕವು ಬೆರಕೆಯ ಸಿಮೆಂಟಿಗೆ ಕನಿಷ್ಠ 10 ದಿನಗಳನ್ನು ವಿಧಿಸಿ, 14 ದಿನ ಉತ್ತಮವೆನ್ನುತ್ತದೆ. ಅನೇಕ ಮನೆಗಳಲ್ಲಿ ಬಿರುಕುಗಳಿಗೆ ಬೂದಿಯ ಮೇಲೆ ಅಪವಾದ ಬರುವುದಾದರೂ, ಕಾರಣವು ಮೂರೇ ದಿನಕ್ಕೆ ನಿಲ್ಲಿಸಿದ ನೀರಿನಲ್ಲಿರುವುದು. ಈ ಹದಿನಾಲ್ಕು ದಿನ ಬೆಳಗು ಸಂಜೆ ಕೊಡವನ್ನೆತ್ತಿ ನೀರು ಹಾಕುವ ಕೆಲಸವನ್ನು ಮನೆಯ ಮಕ್ಕಳಿಗೂ ಹಂಚಿರಿ. ತಾವು ವಾಸಿಸುವ ನೆಲವು ಏತರಿಂದ ಆದುದು, ಹೇಗೆ ಗಟ್ಟಿಯಾಯಿತು ಎಂಬುದನ್ನು ಅವರು ತಮ್ಮ ಕೈಯಿಂದಲೇ ಕಲಿಯುವರು.